ಹೀಬ್ರೂ ಕಲಿಯೋಕೆ ತೋಟಕ್ಕೇ ಯಾಕೆ ಹೋಗಬೇಕು?

ನಮ್ಮ ಬೆಳ್ತಂಗಡಿ ಕಡೆಯ ಅಡಿಕೆ ತೋಟಗಳಲ್ಲಿ ಒಂದು ಹೀಬ್ರೂ ಶಬ್ದ ಸುಮ್ಮನೆ ಬಿದ್ದುಕೊಂಡಿದೆ. ಯಾರೂ ಅದನ್ನು ಶಬ್ದ ಅಂತ ನೋಡುವುದಿಲ್ಲ, ಪೈಪ್ ಅಂತ ನೋಡುತ್ತಾರೆ. ಹನಿ ನೀರಾವರಿಯ ಕಪ್ಪು ಪೈಪಿನ ಮೇಲಿನ ಹೆಸರು: ನೆಟಾಫಿಮ್. ಹೀಬ್ರೂನಲ್ಲಿ ಹಾಗೆಂದರೆ ಹನಿಗಳು. 1965ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಹತ್ಸೆರೀಮ್ ಎಂಬಲ್ಲಿ ಈ ಕಂಪನಿ ಹುಟ್ಟಿತು. ಹತ್ಸೆರೀಮ್ ಒಂದು ಕಿಬ್ಬುತ್ಸ್. ಅಂದರೆ ಜಮೀನು, ಅಡುಗೆಮನೆ, ದುಡಿಮೆ, ಲಾಭ ಎಲ್ಲವನ್ನೂ ಊರವರು ಒಟ್ಟಿಗೇ ಇಟ್ಟುಕೊಂಡ ಕೃಷಿ ಹಳ್ಳಿ.

ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ಲಕ್ಷದೀಪದ ಹೊತ್ತಿಗೆ ಧರ್ಮಸ್ಥಳಕ್ಕೆ ಹೋಗಿದ್ದಾಗ ನಮ್ಮೂರ ಹುಡುಗನೊಬ್ಬ ಸಿಕ್ಕಿದ. ನನ್ನ ಹಾಗೇ ಎಂಜಿನಿಯರಿಂಗ್ ಮುಗಿಸಿದವನು. "ಅಣ್ಣಾ, ಇಸ್ರೇಲ್‌ಗೆ ಹೋಗಿ ಒಂದು ಸಣ್ಣ ತೋಟದಲ್ಲಿ ಆರು ತಿಂಗಳು ಸಂಬಳ ಇಲ್ಲದೆ ಕೆಲಸ ಮಾಡ್ತೇನೆ, ಹಾಗೇ ಹೀಬ್ರೂ ಕಲೀತೇನೆ ಅಂತ ಉಂಟು. ಮನೆಯಲ್ಲಿ ಮರ್ಲಾ ಅಂತ ಕೇಳ್ತಾರೆ. ನೀವೆಂತ ಹೇಳ್ತೀರಿ?" ಎಂದ. ಅವನ ಅಪ್ಪನ ಪ್ರಶ್ನೆ ಇನ್ನೂ ನೇರವಾಗಿತ್ತು. ನಮ್ಮ ತೋಟದಲ್ಲಿ ಅಡಿಕೆ ಹೆಕ್ಕಲಿಕ್ಕೆ ಜನ ಇಲ್ಲ, ಇವ ಅಲ್ಲಿ ಹೋಗಿ ಯಾರದೋ ಕಿತ್ತಳೆ ಕೊಯ್ಯುವುದೆಂತ?

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹುಡುಗನ ಯೋಚನೆ ಮರ್ಲು ಅಲ್ಲ. ಇತಿಹಾಸ ತೆಗೆದು ನೋಡಿದರೆ, ಹೀಬ್ರೂ ಕಲಿಯಲು ಅದಕ್ಕಿಂತ ಸರಿಯಾದ ದಾರಿ ಇನ್ನೊಂದಿಲ್ಲ. ಯಾಕೆಂದರೆ ಆ ಭಾಷೆ ಮತ್ತೆ ಬಾಯಿಗೆ ಬಂದದ್ದೇ ತೋಟದಲ್ಲಿ.

ಅದಕ್ಕೂ ಮೊದಲು ಇನ್ನೊಂದು ವಿಷಯ. ನಾವು ಇಸ್ರೇಲ್ ಅಂದ ಕೂಡಲೇ ಹೈಫಾ ಅನ್ನುತ್ತೇವೆ. ಪ್ರತಿ ವರ್ಷ ಸೆಪ್ಟೆಂಬರ್ 23 ಬಂತೆಂದರೆ 1918ರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ಆ ಊರಿನ ಮೇಲೆ ನುಗ್ಗಿದ ಕಥೆ ಎಲ್ಲ ಚಾನೆಲ್‌ಗಳಲ್ಲೂ ಓಡುತ್ತದೆ. ಒಳ್ಳೆಯದೇ. ಆದರೆ ಹೀಬ್ರೂ ಅಕ್ಷರಕ್ಕೂ ತುಳುನಾಡಿಗೂ ಇರುವ ನಂಟು ಹೈಫಾಕ್ಕಿಂತ ಸುಮಾರು ಎಂಟುನೂರು ವರ್ಷ ಹಳೆಯದು. ಅದರಲ್ಲಿ ಕತ್ತಿ ಇಲ್ಲ, ಕುದುರೆ ಇಲ್ಲ. ಮೆಣಸು, ಅಡಿಕೆ, ಕಬ್ಬಿಣ, ಕಂಚು ಇದೆ.

1132ರ ಅಕ್ಟೋಬರ್ 17. ಮಂಗಳೂರಿನಲ್ಲಿ ಒಂದು ಪತ್ರ ಬರೆಯಲಾಗುತ್ತದೆ. ಟ್ಯುನೀಶಿಯಾದ ಮಹ್ದಿಯಾ ಊರಿನ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ. ಲಿಪಿ ಹೀಬ್ರೂ. ಅವಳಿಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೆಸರು ಕೊಡುತ್ತಾನೆ. ಅವಳೊಂದಿಗೆ ಸಂಸಾರ ಹೂಡುತ್ತಾನೆ, ಮಕ್ಕಳಾಗುತ್ತಾರೆ. 1149ರವರೆಗೆ, ಸುಮಾರು ಹದಿನೇಳು ವರ್ಷ, ಈ ಕರಾವಳಿಯಲ್ಲೇ ಇದ್ದ. ಇಲ್ಲೊಂದು ಎರಕದ ಕಾರ್ಖಾನೆ ಇಟ್ಟಿದ್ದ. ಏಡನ್ ಬಂದರಿನಿಂದ ಒಡೆದ ತಾಮ್ರದ, ಕಂಚಿನ ಪಾತ್ರೆಗಳು ಹಡಗಿನಲ್ಲಿ ಬರುತ್ತಿದ್ದವು, ಜೊತೆಗೆ ಹೀಗೇ ಮಾಡಿಕೊಡು ಎಂಬ ಅಳತೆ, ಸೂಚನೆಗಳು. ಇಲ್ಲಿನವರು ಕರಗಿಸಿ ಹೊಸದು ಎರೆದು ಕಳಿಸುತ್ತಿದ್ದರು. ಇದನ್ನು ಓದಿದಾಗ ನನ್ನೊಳಗಿನ ಎಂಜಿನಿಯರಿಗೆ ಆದ ಖುಷಿ ಹೇಳತೀರದು. ಕದ್ರಿಯ ಲೋಕೇಶ್ವರ ಕಂಚಿನ ವಿಗ್ರಹ 968ರದ್ದು. ಅಷ್ಟು ದೊಡ್ಡ ಮೂರ್ತಿ ಎರೆದ ಊರಿಗೆ ದೀಪ, ತಟ್ಟೆ ಎರೆಯುವುದು ಯಾವ ಲೆಕ್ಕ?

ಆಗ ಧರ್ಮಸ್ಥಳ ಎಂಬ ಹೆಸರೇ ಇರಲಿಲ್ಲ. ಊರು ಕುಡುಮ. ಧರ್ಮಸ್ಥಳ ಅಂತಾದದ್ದು 16ನೇ ಶತಮಾನದಲ್ಲಿ ವಾದಿರಾಜರು ಬಂದ ಮೇಲೆ. ಆದರೆ ನೇತ್ರಾವತಿ ಆಗಲೂ ಇತ್ತು. ಘಟ್ಟದ ಬುಡದ ಮೆಣಸು, ಅಡಿಕೆ ಕಡಲಿಗೆ ಇಳಿಯಲು ಹೊಳೆಗಿಂತ ಒಳ್ಳೆಯ ದಾರಿ ಯಾವುದಿತ್ತು?

ಬೆನ್ ಯಿಜುವಿನ ಕೈಕೆಳಗೆ ಒಬ್ಬ ತುಳುವ ಇದ್ದ. ಕಾಗದಗಳಲ್ಲಿ ಅವನನ್ನು ದಾಸ ಎಂದೇ ಬರೆದಿದೆ. ಆದರೆ ಕೆಲಸ ನೋಡಿದರೆ ಈಗಿನ ಭಾಷೆಯಲ್ಲಿ ಬಿಸಿನೆಸ್ ಏಜೆಂಟ್. 1135ರಲ್ಲಿ ಅವನು ಸರಕು, ಹಣದ ವ್ಯವಹಾರ ಹಿಡಿದುಕೊಂಡು ಏಡನ್‌ಗೆ ಹೋಗಿದ್ದ. ಅಲ್ಲಿ ಕುಡಿದು ಗಲಾಟೆ ಮಾಡಿ ಹೆಚ್ಚಿನ ದುಡ್ಡು ಕಿತ್ತುಕೊಂಡ ಎಂಬ ದೂರೂ ಮಂಗಳೂರಿಗೆ ಬಂತು! ಮುಂದಿನ ವರ್ಷಗಳಲ್ಲಿ ಅದೇ ಏಡನ್‌ನ ವ್ಯಾಪಾರಿಗಳು ಅವನಿಗೆ ಮರ್ಯಾದೆಯಿಂದ ನಮಸ್ಕಾರ ತಿಳಿಸಿ ಪತ್ರ ಬರೆಯುತ್ತಾರೆ. ಲೇಖಕ ಅಮಿತಾವ್ ಘೋಷ್ ಈ ಮನುಷ್ಯನ ಬೆನ್ನು ಹತ್ತಿ ಈಜಿಪ್ಟಿನಿಂದ ಮಂಗಳೂರಿಗೆ ಬಂದರು. ಹೀಬ್ರೂ ಲಿಪಿಯಲ್ಲಿ ಸ್ವರ ಬರೆಯುವ ರೂಢಿ ಕಡಿಮೆ. ಹಾಗಾಗಿ ಅವನ ಹೆಸರನ್ನು ಹೇಗೆ ಓದಬೇಕು ಎಂಬುದೇ ಸಮಸ್ಯೆ. ಅದಕ್ಕೆ ದಾರಿ ತೋರಿಸಿದವರು ನಮ್ಮ ಪ್ರೊಫೆಸರ್ ಬಿ.ಎ. ವಿವೇಕ ರೈ. ಅವನು ಬೊಮ್ಮ. ತುಳುವರ ಬೆರ್ಮೆರ್ ದೈವದ ಹೆಸರಿನ ನಂಟಿನವನು. ಧರ್ಮಸ್ಥಳದ ಮೂಲಕಥೆಯ ಬಿರ್ಮಣ್ಣ ಪೆರ್ಗಡೆಯವರ ಹೆಸರಲ್ಲೂ ನನಗೆ ಅದೇ ದನಿ ಕೇಳಿಸುತ್ತದೆ. ಘೋಷ್ ಅವರ ಪುಸ್ತಕ 1992ರಲ್ಲಿ ಬಂತು.

ಈ ಕಾಗದಗಳು ಉಳಿದದ್ದು ಹೇಗೆ? ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದು ಎಂಬುದು ಯೆಹೂದಿಗಳ ಪದ್ಧತಿ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ವಿವರಿಸಬೇಕಾಗಿಲ್ಲ. ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ ಶತಮಾನಗಟ್ಟಲೆ ಹಳೆ ಕಾಗದ ತುಂಬಿಕೊಂಡಿತ್ತು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದ. ಅದರಲ್ಲಿ ಮಂಗಳೂರೂ ಇತ್ತು.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಬೆನ್ ಯಿಜು ವ್ಯಾಪಾರದ ಪತ್ರ ಬರೆದದ್ದು ಹೀಬ್ರೂ ಅಕ್ಷರದಲ್ಲಿ, ಆದರೆ ಭಾಷೆ ಅರಬ್ಬಿ. ವಿಚಿತ್ರ ಅನ್ನಿಸಿತಾ? ನಮಗೆ ಅನ್ನಿಸಬಾರದು. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಕೊಂಕಣಿಯನ್ನು ಬರೆಯುತ್ತೇವೆ, ಬ್ಯಾರಿಯನ್ನು ಬರೆಯುತ್ತೇವೆ. ಮನೆಮಾತು ಒಂದು, ಅಕ್ಷರ ಇನ್ನೊಂದು. ಅವನ ಕಾಲದಲ್ಲಿ ಹೀಬ್ರೂ ಪ್ರಾರ್ಥನೆಗೆ, ಕಾವ್ಯಕ್ಕೆ, ಶಾಸ್ತ್ರಕ್ಕೆ, ದಸ್ತಾವೇಜಿಗೆ ಇದ್ದ ಭಾಷೆ. ಆಗಲೇ ಸಾವಿರ ವರ್ಷದ ಹತ್ತಿರ ಹತ್ತಿರ ಯಾವ ಅಮ್ಮನೂ ಮಗುವನ್ನು ಆ ಭಾಷೆಯಲ್ಲಿ ಊಟಕ್ಕೆ ಕರೆದಿರಲಿಲ್ಲ. ಹೆಚ್ಚು ಕಡಿಮೆ ನಮ್ಮ ಸಂಸ್ಕೃತದ ಸ್ಥಿತಿ.

ಅಂಥ ಭಾಷೆಯನ್ನು ಮತ್ತೆ ಮಾತಾಡಿಸಿದ್ದು ಯಾರು ಎಂದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ: ಎಲಿಯೆಜರ್ ಬೆನ್ ಯೆಹುದಾ. 1881ರಲ್ಲಿ ಪ್ಯಾಲೆಸ್ಟೈನ್‌ಗೆ ಬಂದ, ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತಿಲ್ಲ ಎಂದ. 1882ರಲ್ಲಿ ಹುಟ್ಟಿದ ಮಗನಿಗೆ ಬೇರೆ ಭಾಷೆಯ ಗಾಳಿಯೂ ತಾಗದಂತೆ ನೋಡಿಕೊಂಡ. ಮಗು ಬಹಳ ಕಾಲ ಮಾತೇ ಆಡಲಿಲ್ಲ. ಹೆಂಡತಿ ರಷ್ಯನ್ ಜೋಗುಳ ಹಾಡಿದ್ದಕ್ಕೆ ಇವನು ಕೂಗಾಡಿದನಂತೆ. ಹಟವಾದಿ. ಅವನ ನಿಘಂಟು 17 ಸಂಪುಟ, ಮುಗಿದದ್ದು 1959ರಲ್ಲಿ, ಅವನು ಸತ್ತು 37 ವರ್ಷದ ಮೇಲೆ.

ನನಗೆ ಆ ಮನುಷ್ಯನ ಮೇಲೆ ಗೌರವ ಉಂಟು. ಆದರೆ ಒಬ್ಬ ಹಟವಾದಿಯಿಂದ ಭಾಷೆ ಬದುಕುವುದಿಲ್ಲ. ಟೊಮೆಟೊ ಕಥೆ ಕೇಳಿ. ಆಗ ಟೊಮೆಟೊಗೆ ಹೀಬ್ರೂ ಶಬ್ದ ಇರಲಿಲ್ಲ. ಯುರೋಪಿನಲ್ಲಿ ಅದಕ್ಕೆ ಪ್ರೇಮದ ಹಣ್ಣು ಎಂಬ ಹೆಸರಿತ್ತು. ಅದನ್ನೇ ನೋಡಿಕೊಂಡು, ಕಾಮ ಎಂಬ ಅರ್ಥದ ಧಾತುವಿನಿಂದ ಅಗ್ವಾನಿಯಾ ಎಂಬ ಶಬ್ದ ಕಟ್ಟಿದರು. ಬೆನ್ ಯೆಹುದಾಗೆ ಇದು ಅಸಹ್ಯ ಅನ್ನಿಸಿತು. ಅರಬ್ಬಿಯಿಂದ ತಂದ ಬದೂರಾ ಇರಲಿ ಎಂದ. ಅವನ ಮನೆಯಲ್ಲಿ ಬದೂರಾ ಎಂದೇ ಹೇಳುತ್ತಿದ್ದರು. ಜನ? ಅಗ್ವಾನಿಯಾ ಅಂದರು. ಇವತ್ತು ಟೆಲ್ ಅವೀವ್ ಮಾರ್ಕೆಟ್‌ನಲ್ಲಿ ಬದೂರಾ ಕೊಡಿ ಎಂದರೆ ಹೀಬ್ರೂ ಮಾತಾಡುವವರು ಮುಖ ನೋಡುತ್ತಾರೆ. ನಿಘಂಟು ಬರೆದವನೇ ತರಕಾರಿಯ ಮುಂದೆ ಸೋತ.

ಭಾಷೆ ನಿಜವಾಗಿ ಗೆದ್ದದ್ದು ಜಾಫಾದ ಹತ್ತಿರದ ರಿಶೋನ್ ಲೆಜಿಯೋನ್‌ನಂಥ ಜಾಗಗಳಲ್ಲಿ. 1882ರಲ್ಲಿ ಶುರುವಾದ ರೈತರ ಹಳ್ಳಿ. ದ್ರಾಕ್ಷಿ ತೋಟ. ಬಂದವರ ಮನೆಮಾತು ಯಿಡ್ಡಿಷ್, ರಷ್ಯನ್, ರುಮೇನಿಯನ್. 1886ರಲ್ಲಿ ಅಲ್ಲಿ ಎಲ್ಲ ಪಾಠವನ್ನೂ ಹೀಬ್ರೂನಲ್ಲೇ ಹೇಳುವ ಶಾಲೆ ಬಂತು. 1898ರಲ್ಲಿ ಶಿಶುವಿಹಾರ. ಮೇಷ್ಟ್ರುಗಳ ಪದ್ಧತಿಗೆ ಹೀಬ್ರೂ ಮೂಲಕ ಹೀಬ್ರೂ ಎಂದು ಹೆಸರು. ಅನುವಾದ ಇಲ್ಲ, ವಸ್ತು ತೋರಿಸು, ಹೆಸರು ಹೇಳು. ಹಾರೆ ಇದು, ಬುಟ್ಟಿ ಇದು, ಕತ್ತೆ ಇದು. ಮಕ್ಕಳು ಆ ಹೆಸರುಗಳನ್ನು ತೋಟಕ್ಕೆ ಒಯ್ದರು, ಅಪ್ಪ ಅಮ್ಮನಿಗೆ ಕಲಿಸಿದರು. 1910ರಲ್ಲಿ ಗಲಿಲಾಯ ಸರೋವರದ ದಡದಲ್ಲಿ ಹತ್ತು ಗಂಡಸರು, ಇಬ್ಬರು ಹೆಂಗಸರು ಸೇರಿ ದೆಗಾನಿಯಾ ಎಂಬ ಮೊದಲ ಸಾಮೂಹಿಕ ತೋಟ ಕಟ್ಟಿದರು. ನೆಲ ಉಳುವಾಗ ಹೀಬ್ರೂ ಮಾತ್ರ ಎಂಬುದು ಆ ತಲೆಮಾರಿನ ಶಪಥ. 1922ರಲ್ಲಿ ಬ್ರಿಟಿಷರು ಇಂಗ್ಲಿಷ್, ಅರಬ್ಬಿ ಜೊತೆ ಹೀಬ್ರೂವನ್ನೂ ಅಧಿಕೃತ ಭಾಷೆ ಎಂದು ಒಪ್ಪಬೇಕಾಯಿತು. ನಲವತ್ತೇ ವರ್ಷ!

ಈ ಭಾಷೆಯ ಒಳಗಿನ ಯಂತ್ರವನ್ನೂ ಸ್ವಲ್ಪ ನೋಡಬೇಕು. 22 ಅಕ್ಷರ, ಬಲದಿಂದ ಎಡಕ್ಕೆ. ಮೂರು ವ್ಯಂಜನದ ಒಂದು ಧಾತು ಹಿಡಿದು ಅದನ್ನು ಬೇರೆ ಬೇರೆ ಅಚ್ಚಿಗೆ ಹಾಕಿದರೆ ಶಬ್ದಗಳು ಬೀಳುತ್ತವೆ. ಕೋಡ್ ಬರೆದವರಿಗೆ ಇದು ಫಂಕ್ಷನ್ ಇದ್ದ ಹಾಗೆ. ಕ-ತ-ವ ಬರೆಯುವ ಧಾತು. ಮಿಖ್ತಾವ್ ಎಂದರೆ ಪತ್ರ, ಕತ್ತಾವ್ ಎಂದರೆ ವರದಿಗಾರ, ಅಂದರೆ ನಮ್ಮ ಪೈಕಿಯವರು. ಇನ್ನೊಂದು ಧಾತುವಿನಿಂದ ಬಂದ ಮೂರು ಶಬ್ದ ನೋಡಿ: ಎವೆದ್ ಎಂದರೆ ದಾಸ. ಓವೆದ್ ಎಂದರೆ ಕೆಲಸಗಾರ. ಅವೋದಾ ಎಂದರೆ ಕೆಲಸ, ಮತ್ತು ದೇವರ ಪೂಜೆಯೂ ಹೌದು. ನಾವು ಸೇವೆ ಅನ್ನುತ್ತೇವಲ್ಲ, ದೇವಸ್ಥಾನದಲ್ಲಿ ಚೀಟಿ ಮಾಡಿಸುವುದೂ ಸೇವೆ, ಅನ್ನಪೂರ್ಣ ಛತ್ರದಲ್ಲಿ ಬಡಿಸುವುದೂ ಸೇವೆ, ಹಾಗೆ. ದೆಗಾನಿಯಾದಲ್ಲಿ ಇದ್ದ ಎ.ಡಿ. ಗಾರ್ಡನ್ ಎಂಬ ಮುದುಕ, ಸುಮಾರು 48ನೇ ವಯಸ್ಸಿಗೆ ಕಚೇರಿ ಕೆಲಸ ಬಿಟ್ಟು ಬಂದು ಗುದ್ದಲಿ ಹಿಡಿದವನು, ಈ ಒಂದು ಶಬ್ದದ ಮೇಲೆ ತನ್ನ ಇಡೀ ವಿಚಾರ ಕಟ್ಟಿದ. ಬಸವಣ್ಣನ ನಾಡಿನವರಿಗೆ ಅದು ಹೊಸತಲ್ಲ.

1948ರಲ್ಲಿ ದೇಶ ಆಯಿತು, ಎಲ್ಲ ದಿಕ್ಕಿನಿಂದ ಜನ ಬಂದರು, ಒಬ್ಬರಿಗೊಬ್ಬರ ಮಾತು ಗೊತ್ತಿಲ್ಲ. 1949ರಲ್ಲಿ ಜೆರುಸಲೇಮಿನಲ್ಲಿ ವಯಸ್ಕರಿಗೆ ವೇಗವಾಗಿ ಹೀಬ್ರೂ ಕಲಿಸುವ ಶಾಲೆ ತೆರೆದರು, ಹೆಸರು ಉಲ್ಪಾನ್. (ಟಿವಿ ಸ್ಟುಡಿಯೋಗೂ ಹೀಬ್ರೂನಲ್ಲಿ ಅದೇ ಶಬ್ದ. ನಮ್ಮ ಸ್ಟುಡಿಯೋಗಳಲ್ಲಿ ಯಾರು ಏನು ಕಲಿತರೋ ದೇವರಿಗೇ ಗೊತ್ತು.) ಅದು ಬೇಗ ಕಿಬ್ಬುತ್ಸ್‌ಗೂ ಹೋಯಿತು. ಅರ್ಧ ದಿನ ತೋಟ, ಕೊಟ್ಟಿಗೆ, ಅಡುಗೆಮನೆ, ಉಳಿದರ್ಧ ದಿನ ಪಾಠ. 1967ರ ಯುದ್ಧದ ನಂತರ ಯುರೋಪ್, ಅಮೆರಿಕದ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಸಾಲುಗಟ್ಟಿ ಬಂದರು. ಊಟ, ಹಾಸಿಗೆ, ಸ್ವಲ್ಪ ಕೈಖರ್ಚು. ಬದಲಿಗೆ ಕಿತ್ತಳೆ ಕೊಯ್ಲು, ಪಾತ್ರೆ ತೊಳೆಯುವುದು. ನಮ್ಮ ಹುಡುಗ ಹಿಡಿದಿರುವುದು ಇದೇ ದಾರಿಯ ಬಾಲ.

ನಮ್ಮ ಪಕ್ಕದ ರಾಜ್ಯದವರೇ ಈ ದಾರಿ ನಡೆದಿದ್ದಾರೆ. ಕೊಚ್ಚಿಯ ಯೆಹೂದಿಗಳು 1950ರ ದಶಕದಲ್ಲಿ ಹೋದಾಗ ಬಹಳ ಮಂದಿಯನ್ನು ಒಯ್ದು ಕೂರಿಸಿದ್ದು ಕೃಷಿ ಹಳ್ಳಿಗಳಲ್ಲಿ. ನೆಗೆವ್‌ನ ನೆವಾತಿಮ್ ಅಂಥದ್ದೊಂದು. ಮಳೆ, ಹಿನ್ನೀರು, ತೆಂಗು ನೋಡಿದ ಮಲಯಾಳಿಗಳು ಒಣ ಮರಳಿನಲ್ಲಿ ಬೇಸಾಯ ಕಲಿತರು, ಹೂ ಬೆಳೆದು ಯುರೋಪಿಗೆ ಕಳಿಸಿದರು, ಜೊತೆಗೆ ಹೀಬ್ರೂ ಕಲಿತರು. ಆದರೆ ಮೊಮ್ಮಕ್ಕಳಿಗೆ ಮಲಯಾಳಂ ಉಳಿಯಲಿಲ್ಲ. ಅಜ್ಜಿಯರು ಹಾಡುತ್ತಿದ್ದ ಮಲಯಾಳಂ ಹಾಡುಗಳನ್ನು ಸಂಶೋಧಕರು ಹುಡುಕಿ ಹುಡುಕಿ ದಾಖಲಿಸಬೇಕಾಯಿತು.

ಇಲ್ಲಿ ನಿಲ್ಲಬೇಕು. ಇಸ್ರೇಲ್ ಅಂದರೆ ಚಪ್ಪಾಳೆ ಮಾತ್ರ ಎಂಬ ಶೈಲಿ ನಮ್ಮ ಮಾಧ್ಯಮದಲ್ಲಿ ಬಂದುಬಿಟ್ಟಿದೆ. ಹೀಬ್ರೂ ಗೆಲುವಿಗೆ ಬೆಲೆ ಇತ್ತು. ಯಿಡ್ಡಿಷ್ ಮಾತಾಡುವವರನ್ನು ಬೀದಿಯಲ್ಲಿ ತಡೆದು ಗದರಿಸುವ ಭಾಷಾ ರಕ್ಷಕರ ಪಡೆಯೇ 1923ರಲ್ಲಿ ಹುಟ್ಟಿತ್ತು. ಬೆನ್ ಯಿಜು ಬರೆಯುತ್ತಿದ್ದಂಥ ಯೆಹೂದಿ ಅರಬ್ಬಿ ಮನೆಗಳಿಂದ ಮಾಯವಾಗುತ್ತಾ ಬಂತು. ಆ ನೆಲದಲ್ಲಿ ಮೊದಲೇ ಉಳುತ್ತಿದ್ದ ಅರಬ್ಬಿ ಮಾತಿನ ರೈತರಿದ್ದರು. 1948ರಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ, ಆಲಿವ್ ತೋಟ ಕಳೆದುಕೊಂಡರು. ಎಷ್ಟೋ ಕಡೆ ಊರಿನ ಹೆಸರೂ ಹೀಬ್ರೂ ಆಯಿತು. ಹನಿ ನೀರಾವರಿಯ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅದು ಇತಿಹಾಸ ಅಲ್ಲ, ಜಾಹೀರಾತು.

ಇಷ್ಟೆಲ್ಲ ಹೇಳಿಯೂ ನನ್ನ ತಲೆಯಲ್ಲಿ ಕೊರೆಯುವುದು 1886 ಎಂಬ ಇಸವಿ. ರಿಶೋನ್‌ನಲ್ಲಿ ಹೀಬ್ರೂ ಶಾಲೆ ತೆರೆದ ಅದೇ ವರ್ಷ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಆಗಸ್ಟ್ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಆ ಹೊತ್ತಿಗೆ ಹೀಬ್ರೂ ಮನೆಮಾತಾಗಿದ್ದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದಿತ್ತು. ತುಳು ಮಾತಾಡುವವರು ಲಕ್ಷಗಟ್ಟಲೆ. ಇವತ್ತು ಹೀಬ್ರೂ ಮಾತಾಡುವವರು ಸುಮಾರು 90 ಲಕ್ಷ. ತುಳುವರು, 2011ರ ಜನಗಣತಿಯಂತೆ, 18 ಲಕ್ಷ 46 ಸಾವಿರ. ಒಂದಕ್ಕೆ ಶಾಲೆ, ತೋಟ, ಆಮೇಲೆ ದೇಶ ಸಿಕ್ಕಿತು. ಇನ್ನೊಂದಕ್ಕೆ ನಿಘಂಟು ಸಿಕ್ಕಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಉಪಾಧ್ಯಾಯರ ಆರು ಸಂಪುಟಗಳ ತುಳು ನಿಘಂಟೂ ಬಂತು, ಅದ್ಭುತ ಕೆಲಸ. 2009ರ ಡಿಸೆಂಬರ್‌ನಲ್ಲಿ ಉಜಿರೆಯಲ್ಲಿ ವಿಶ್ವ ತುಳು ಸಮ್ಮೇಳನ ಆಯಿತು, ಜನಸಾಗರ. ಎಂಟನೇ ಪರಿಚ್ಛೇದ ಮಾತ್ರ ಇನ್ನೂ ಆಗಿಲ್ಲ.

ಎಂಟನೇ ಪರಿಚ್ಛೇದ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಚಿಂತೆ ಬೇರೆ. ನಮ್ಮ ಕಡೆ ಗದ್ದೆಗೆ ಮೂರು ಹೆಸರು: ನೀರು ನಿಲ್ಲುವ ಬೈಲ್, ನಡುವಿನ ಮಜಲ್, ಎತ್ತರದ ಬೆಟ್ಟು. ಬೆಳೆಗೆ ಮೂರು ಹೆಸರು: ಏಣೆಲ್, ಸುಗ್ಗಿ, ಕೊಳಕೆ. ಗದ್ದೆಯ ಬದುವಿಗೆ ಪುಣಿ. ಗದ್ದೆ ಹೋಗಿ ತೋಟ, ರಬ್ಬರ್, ಸೈಟ್ ಆಯಿತು. ನಮ್ಮ ಹುಡುಗರಿಗೆ ಮಜಲು, ಬೆಟ್ಟು ಎಂದರೆ ಬಸ್ ಸ್ಟಾಪಿನ ಹೆಸರು. ಕೊಳಕೆ ಎಂದರೆ ಏನೂ ಅಲ್ಲ. ಅವರು ತುಳು ಮಾತಾಡುವುದಿಲ್ಲ ಅಂತಲ್ಲ, ಚೆನ್ನಾಗಿ ಮಾತಾಡುತ್ತಾರೆ, ತುಳು ಸಿನಿಮಾ ನೋಡಿ ನಗುತ್ತಾರೆ. ಆದರೆ ಕೈಯಲ್ಲಿ ಆ ಕೆಲಸ ಇಲ್ಲ, ಹಾಗಾಗಿ ಬಾಯಲ್ಲಿ ಆ ಶಬ್ದ ಇಲ್ಲ. ಶಬ್ದ ಆರು ಸಂಪುಟದ ಒಳಗೆ ಭದ್ರವಾಗಿ ಇದೆ. ಭದ್ರತೆ ಬೇರೆ, ಜೀವ ಬೇರೆ.

ಅರ್ಧ ದಿನ ದುಡಿಮೆ, ಅರ್ಧ ದಿನ ಪಾಠ ಎಂಬುದು ನಮ್ಮಲ್ಲಿ ಇಲ್ಲದ ಸಂಗತಿಯೂ ಅಲ್ಲ. ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ಸಿದ್ಧವನ ಗುರುಕುಲ ಕಟ್ಟಿದ್ದೇ ಅಂಥ ಆಲೋಚನೆಯಿಂದ. ಅದೇ ಊರಿನ ರತ್ನಮಾನಸದಲ್ಲಿ ಹೈಸ್ಕೂಲು ಹುಡುಗರು ಓದಿನ ಜೊತೆ ಗದ್ದೆ, ತೋಟ, ದನದ ಕೊಟ್ಟಿಗೆಯ ಕೆಲಸ ಮಾಡುತ್ತಾರೆ. ಆ ಹುಡುಗರಿಗೆ ಪುಣಿ ಎಂದರೆ ಏನೆಂದು ಪುಸ್ತಕ ನೋಡಿ ಹೇಳಬೇಕಾಗಿಲ್ಲ. ಹೊಸತಾಗಿ ಕಲಿಯಬಯಸುವ ಬೆಂಗಳೂರಿನ, ಮುಂಬೈಯ ತುಳು ಮಕ್ಕಳಿಗೆ ರಜೆಯಲ್ಲಿ ಹೀಗೆ ಒಂದು ತಿಂಗಳು ತೋಟದಲ್ಲಿ ಉಲ್ಪಾನ್ ಮಾಡಿದರೆ ಹೇಗೆ? ಅಡಿಕೆ ಹೆಕ್ಕಲಿಕ್ಕೂ ಜನ ಸಿಗುತ್ತಾರೆ ನೋಡಿ!

ಆ ಹುಡುಗನಿಗೆ ನಾನು ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಹೋಗುವ ಮೊದಲು ತಿಳಿದಿರಬೇಕಾದದ್ದನ್ನು ಹೇಳಿದೆ. ಅವನು ಫೋಟೋದಲ್ಲಿ ನೋಡಿದ ಹಳೆ ಕಿಬ್ಬುತ್ಸ್ ಈಗ ಹೆಚ್ಚು ಕಡೆ ಇಲ್ಲ. 1980ರ ದಶಕದ ಸಾಲದ ಬಿಕ್ಕಟ್ಟಿನ ನಂತರ ಬಹಳಷ್ಟು ಖಾಸಗಿ ಪದ್ಧತಿಗೆ ಹೊರಳಿದವು. ತೋಟದಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಥಾಯ್ಲೆಂಡಿನ ಕೂಲಿಗಳು. 2023ರ ಅಕ್ಟೋಬರ್ 7ರಂದು ಗಾಜಾ ಗಡಿಯ ಕಿಬ್ಬುತ್ಸ್‌ಗಳ ಮೇಲೆ ಹಮಾಸ್ ದಾಳಿ ಆದಾಗ ಆ ಥಾಯ್ ಕೆಲಸಗಾರರೂ ಸತ್ತರು, ಒತ್ತೆಯಾಳಾದರು. ಅಲುಮೀಮ್ ಎಂಬಲ್ಲಿ ಕೃಷಿ ಕಲಿಯಲು, ದುಡಿಯಲು ಬಂದಿದ್ದ ನೇಪಾಳದ ಹತ್ತು ವಿದ್ಯಾರ್ಥಿಗಳು ಸತ್ತರು. ಇವನ ವಯಸ್ಸಿನವರೇ. 2024ರ ಮಾರ್ಚ್‌ನಲ್ಲಿ ಲೆಬನಾನ್ ಗಡಿಯ ಮಾರ್ಗಲಿಯೋತ್‌ನ ತೋಟದಲ್ಲಿ ಕ್ಷಿಪಣಿ ಬಿದ್ದು ಕೇರಳದ ಯುವಕನೊಬ್ಬ ಹೋದ. ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಭಾಷೆ ಕಲಿಯಲು ಹೋಗುವವನು ಈ ಲೆಕ್ಕವನ್ನೂ ಕಲಿತೇ ಹೋಗಬೇಕು.

ಆ ಅಕ್ಟೋಬರ್ ವಾರವಿಡೀ ನಾವು ಲೈವ್‌ನಲ್ಲಿ ಇಸ್ರೇಲಿನ ಕನ್ನಡಿಗರಿಗೆ ಫೋನ್ ಮಾಡುತ್ತಿದ್ದೆವು. ಬಹಳ ಮಂದಿ ನಮ್ಮ ಕರಾವಳಿಯವರೇ, ವೃದ್ಧರ ಆರೈಕೆಗೆ ಹೋದವರು. ಬೆಳ್ತಂಗಡಿ ಕಡೆಯ ಒಬ್ಬರು ಅಕ್ಕ ಸಿಕ್ಕಿದರು. "ಅಜಾಕಾ ಆದ ಕೂಡಲೇ ಸಾವ್ತಾನ ಎತ್ತಿಕೊಂಡು ಮಮಾದಿಗೆ ಹೋಗುದು" ಎಂದರು. ಒಂದು ವಾಕ್ಯದಲ್ಲಿ ಮೂರು ಹೀಬ್ರೂ ಶಬ್ದ: ಸೈರನ್, ಅಜ್ಜಿ, ಬಾಂಬ್ ತಡೆಯುವ ಕೋಣೆ. ಅವರಿಗೆ ಅದು ಹೀಬ್ರೂ ಎಂಬ ಗಮನವೇ ಇರಲಿಲ್ಲ. ಆಮೇಲೆ, ಲೈವ್ ಮುಗಿದ ಮೇಲೆ, ಎಲ್ಲಿ ಕಲಿತಿರಿ ಅಕ್ಕ ಎಂದು ಕೇಳಿದೆ. "ಎಲ್ಲಿಂದ ಕಲಿಯುದು ಮಾರಾಯ್ರೆ, ಅಜ್ಜಿಗೆ ಗಂಜಿ ಕುಡಿಸ್ತಾ ಕುಡಿಸ್ತಾ ಬಂತು. ಮೊದಲು ಬಂದದ್ದು ಲೇಆತ್ ಲೇಆತ್. ಮೆಲ್ಲ ಮೆಲ್ಲ ಅಂತ" ಎಂದರು. ಒಂದು ನೋಟ್‌ಬುಕ್ ಉಂಟಂತೆ. ಸಿಕ್ಕಿದ ಶಬ್ದವನ್ನೆಲ್ಲ ಅದರಲ್ಲಿ ಬರೆದಿಟ್ಟುಕೊಂಡಿದ್ದಾರೆ, ಕನ್ನಡ ಅಕ್ಷರದಲ್ಲಿ.